ಆಂಪ್ಲಿಫೈಯರ್ ತಾನಾಗಿಯೇ ಆಂದೋಲಿಸುತ್ತಿದ್ದರೆ: ಲಕ್ಷಣ ಹಿಡಿದು ಕಾರಣ ಹುಡುಕುವ ಕ್ರಮ

ಇನ್‌ಪುಟ್‌ಗೆ ಏನನ್ನೂ ಕೊಡದಿದ್ದರೂ ಔಟ್‌ಪುಟ್‌ನಲ್ಲಿ ಸಿಗ್ನಲ್ ಕಾಣಿಸುವುದು, ಕೈ ಹತ್ತಿರ ತಂದರೆ ಶಿಳ್ಳೆಯ ಶ್ರುತಿ ಬದಲಾಗುವುದು, ಸುಮ್ಮನೆ ಕುಳಿತ ಐಸಿ ಬೆರಳಿಡಲಾಗದಷ್ಟು ಕಾಯುವುದು, ಇವೆಲ್ಲ ಫೀಡ್‌ಬ್ಯಾಕ್ ಆಂಪ್ಲಿಫೈಯರ್ ಅಸ್ಥಿರವಾಗಿರುವುದರ ಗುರುತುಗಳು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಮೇಜುಗಳಲ್ಲಿ, ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರ ಕೋಣೆಗಳಲ್ಲಿ, ಗಣೇಶೋತ್ಸವದ ಪೆಂಡಾಲ್‌ಗೆ ಸೌಂಡ್ ಸೆಟ್ ಬಾಡಿಗೆಗೆ ಕೊಡುವವರ ಗೋದಾಮುಗಳಲ್ಲಿ ಈ ದೋಷ ಎದುರಾದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಐಸಿ ಬದಲಿಸುವುದು. ಹೊಸ ಐಸಿಯೂ ಹಾಗೆಯೇ ಆಂದೋಲಿಸಿದಾಗ ಅದು ನಕಲಿ ಎಂದು ಅಂಗಡಿಯವನನ್ನು ದೂರುವುದು ಎರಡನೆಯ ಕೆಲಸ. ನಕಲಿ ಐಸಿಗಳು ಇಲ್ಲವೆಂದಲ್ಲ. ಆದರೆ ಬಹುಪಾಲು ಪ್ರಕರಣಗಳಲ್ಲಿ ಕಾರಣ ಐಸಿಯ ಒಳಗಿರುವುದಿಲ್ಲ. ಅದರ ಸುತ್ತಲಿನ ತಂತಿ, ಕೆಪಾಸಿಟರ್, ಕೇಬಲ್ ಅಥವಾ ನಾವು ಅಳೆಯಲು ಹಚ್ಚಿದ ಪ್ರೋಬ್‌ನಲ್ಲಿರುತ್ತದೆ.

ಋಣ ಫೀಡ್‌ಬ್ಯಾಕ್‌ನಲ್ಲಿ ಔಟ್‌ಪುಟ್‌ನ ಒಂದು ಪಾಲು ವಿರುದ್ಧ ದಿಕ್ಕಿನಲ್ಲಿ ಇನ್‌ಪುಟ್‌ಗೆ ಮರಳಿ, ಆಂಪ್ಲಿಫೈಯರ್ ಮಾಡಿದ ತಪ್ಪನ್ನು ತಿದ್ದುತ್ತದೆ. 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಈ ಉಪಾಯ ಕಂಡುಕೊಂಡಾಗ ಎದುರಾದ ದೊಡ್ಡ ತೊಡಕೂ ಇದೇ ಆಂದೋಲನವಾಗಿತ್ತು. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ಈ ಸುತ್ತು, ಅಂದರೆ ಲೂಪ್, ಯಾವಾಗ ಸ್ಥಿರವಾಗಿರುತ್ತದೆ ಎಂಬುದಕ್ಕೆ ಖಚಿತವಾದ ಗಣಿತದ ನಿಯಮವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಕೊಟ್ಟರು. ತಿದ್ದುಪಡಿ ತಡವಾಗಿ ಬರುವುದೇ ಎಲ್ಲ ತೊಂದರೆಯ ಮೂಲ. ಮಾರ್ಗದಲ್ಲಿರುವ ಪ್ರತಿಯೊಂದು ರೆಸಿಸ್ಟರ್-ಕೆಪಾಸಿಟರ್ ಜೋಡಿಯೂ ತನ್ನ ಮೂಲೆ ಆವರ್ತನದಲ್ಲಿ (ಸಿಗ್ನಲ್ ಕುಗ್ಗತೊಡಗುವ ಆವರ್ತನ) ಸಿಗ್ನಲ್‌ನ ಫೇಸನ್ನು, ಅಂದರೆ ಅಲೆಯ ಸ್ಥಾನವನ್ನು, 45 ಡಿಗ್ರಿ ಹಿಂದಕ್ಕೆ ಎಳೆಯುತ್ತದೆ, ಅದಕ್ಕಿಂತ ಬಹಳ ಮೇಲೆ ಹೋದರೆ ಸುಮಾರು 90 ಡಿಗ್ರಿ. ಇಂಥ ವಿಳಂಬಗಳೆಲ್ಲ ಸೇರಿ 180 ಡಿಗ್ರಿ ಮುಟ್ಟಿದ ಆವರ್ತನದಲ್ಲಿ ತಿದ್ದುಪಡಿಯೇ ತಪ್ಪಿಗೆ ಕುಮ್ಮಕ್ಕು ಕೊಡತೊಡಗುತ್ತದೆ, ಮತ್ತು ಅಲ್ಲಿ ಲೂಪ್ ಗೇನ್ (ಲೂಪ್ ಒಮ್ಮೆ ಸುತ್ತಿಬಂದ ಸಿಗ್ನಲ್ ಎಷ್ಟು ಪಟ್ಟಾಗುತ್ತದೆ ಎಂಬುದು) ಇನ್ನೂ 1ಕ್ಕಿಂತ ಕೆಳಗೆ ಇಳಿದಿರದಿದ್ದರೆ ಸಾಮಾನ್ಯ ಸರ್ಕ್ಯೂಟ್‌ಗಳು ಆಂದೋಲಿಸುತ್ತವೆ. ಲೂಪ್ ಗೇನ್ 1ಕ್ಕೆ ಇಳಿಯುವ ಹೊತ್ತಿಗೆ 180 ಡಿಗ್ರಿ ತಲುಪಲು ಇನ್ನೂ ಎಷ್ಟು ಬಾಕಿ ಇದೆಯೋ ಅದೇ ಫೇಸ್ ಮಾರ್ಜಿನ್. ಆದ್ದರಿಂದ ಕೆಳಗಿನ ಪ್ರತಿ ಲಕ್ಷಣದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಲೂಪ್‌ಗೆ ಈ ಹೆಚ್ಚುವರಿ ವಿಳಂಬ ಎಲ್ಲಿಂದ ಬಂತು?

ಉತ್ತರ ಹುಡುಕಲು ಮೊದಲು ಬೇಕಾಗುವುದು ಆಂದೋಲನದ ಆವರ್ತನ. ಅದೇ ದೋಷದ ವಿಳಾಸ. ಕೆಲವೇ ಹರ್ಟ್ಸ್ ಇದ್ದರೆ ಪವರ್ ಸಪ್ಲೈ ಕಡೆ ನೋಡಬೇಕು. 100 ಕಿಲೋಹರ್ಟ್ಸ್‌ನಿಂದ ಕೆಲವು ಮೆಗಾಹರ್ಟ್ಸ್‌ವರೆಗೆ ಇದ್ದರೆ ಮುಖ್ಯ ಫೀಡ್‌ಬ್ಯಾಕ್ ಲೂಪ್ ಅಥವಾ ಲೋಡ್ ಕಡೆ. ಹತ್ತಾರು ಮೆಗಾಹರ್ಟ್ಸ್ ದಾಟಿದರೆ ಯಾವುದೋ ಒಂದೇ ಟ್ರಾನ್ಸಿಸ್ಟರ್ ತನ್ನ ಕಾಲಿನ ತಂತಿಗಳ ಇಂಡಕ್ಟನ್ಸ್ ಜೊತೆ ಸೇರಿ ಸ್ವಂತವಾಗಿ ಆಂದೋಲಿಸುತ್ತಿರುವ ಸಾಧ್ಯತೆ ಹೆಚ್ಚು. ಆವರ್ತನ ಅಳೆಯದೆ ಬಿಡಿಭಾಗ ಬದಲಿಸುತ್ತಾ ಹೋಗುವುದು ಹಣ ಮತ್ತು ಸಮಯ ಎರಡಕ್ಕೂ ನಷ್ಟ.

## ಕೈ ಹಾಕುವ ಮುನ್ನ

ಬ್ಯಾಟರಿ ಅಥವಾ 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಸರ್ಕ್ಯೂಟ್‌ಗಳಲ್ಲಿ ಅಪಾಯ ಕಡಿಮೆ. 230 ವೋಲ್ಟ್ ಮೇನ್ಸ್‌ನಿಂದ ನಡೆಯುವ ಪವರ್ ಆಂಪ್ಲಿಫೈಯರ್‌ನ ಮುಚ್ಚಳ ತೆಗೆಯುವುದಾದರೆ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಅವುಗಳನ್ನು ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡದೆ, ಕೆಲವು ನೂರು ಓಂಗಳ 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಮೇನ್ಸ್‌ಗೆ ಸೇರಿದ ಪ್ರೈಮರಿ ಭಾಗದಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಈ ಬರಹ ಅದನ್ನು ಮುಟ್ಟಲು ಹೇಳುವುದಿಲ್ಲ.

ಸಿಗ್ನಲ್‌ನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ನ (ಸ್ಕೋಪ್) ಗ್ರೌಂಡ್ ಕ್ಲಿಪ್ ಮೇನ್ಸ್‌ನ ಅರ್ಥ್‌ಗೆ ನೇರವಾಗಿ ಜೋಡಣೆಯಾಗಿರುತ್ತದೆ. ಬ್ರಿಡ್ಜ್ ಮಾದರಿಯ ಆಂಪ್ಲಿಫೈಯರ್‌ಗಳಲ್ಲಿ, ಅಂದರೆ ಬಹುತೇಕ ಕಾರ್ ಸ್ಟೀರಿಯೊ ಮತ್ತು ಅನೇಕ ಡಿ ಕ್ಲಾಸ್ (ಸ್ವಿಚಿಂಗ್ ಮಾದರಿಯ) ಬೋರ್ಡ್‌ಗಳಲ್ಲಿ, ಸ್ಪೀಕರ್‌ನ ಎರಡು ತುದಿಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಸಪ್ಲೈಯ ಗ್ರೌಂಡ್ ಸಹ ಅರ್ಥ್‌ಗೆ ಸೇರಿದ್ದಾಗ ಅಲ್ಲಿ ಕ್ಲಿಪ್ ಹಾಕಿದರೆ ಔಟ್‌ಪುಟ್ ನೇರವಾಗಿ ಶಾರ್ಟ್ ಆಗುತ್ತದೆ. ಇದನ್ನು ತಪ್ಪಿಸಲೆಂದು ಸ್ಕೋಪ್‌ನ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದು ಜೀವಕ್ಕೇ ಅಪಾಯ. ಎರಡು ಪ್ರೋಬ್‌ಗಳನ್ನು ಎರಡು ತುದಿಗೆ ಇಟ್ಟು ವ್ಯತ್ಯಾಸ ನೋಡುವುದು ಸರಿಯಾದ ದಾರಿ.

ಇನ್ನೊಂದು ಮಾತು: ಪರೀಕ್ಷೆ ಮುಗಿಯುವವರೆಗೆ ಒಳ್ಳೆಯ ಸ್ಪೀಕರ್ ಜೋಡಿಸಬೇಡಿ. ಕಿವಿಗೆ ಕೇಳದ ಆವರ್ತನದ ಆಂದೋಲನ ಟ್ವೀಟರ್‌ನ ಕಾಯಿಲ್ ಅನ್ನು ಸದ್ದಿಲ್ಲದೆ ಸುಟ್ಟುಬಿಡುತ್ತದೆ. 8 ಓಂನ ದೊಡ್ಡ ವ್ಯಾಟೇಜ್ ರೆಸಿಸ್ಟರ್ ಸಾಕು. ದೊಡ್ಡ ಆಂಪ್ಲಿಫೈಯರ್ ಆದರೆ ರಿಪೇರಿಯವರು ಬಳಸುವ ಸೀರೀಸ್ ಬಲ್ಬ್ ಬೋರ್ಡಿನ ಮೂಲಕವೇ ಮೇನ್ಸ್ ಕೊಡಿ. ಸಿಗ್ನಲ್ ಇಲ್ಲದಾಗಲೂ ಬಲ್ಬ್ ಆರದೆ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ ಅಥವಾ ಆಂದೋಲನವಿದೆ.

## ಶಬ್ದ ಬರುತ್ತಿದೆ, ಆದರೆ ಅದು ಆಂದೋಲನವೇ?

ಮೂರು ಸಾಮಾನ್ಯ ಗೊಂದಲಗಳನ್ನು ಮೊದಲೇ ಬದಿಗಿಡುವುದು ಒಳ್ಳೆಯದು. 50 ಅಥವಾ 100 ಹರ್ಟ್ಸ್‌ನ ಗುಂಯ್‌ಗುಡುವಿಕೆ ಮೇನ್ಸ್ ಹಮ್. ಅದಕ್ಕೆ ಗ್ರೌಂಡ್ ಲೂಪ್ ಅಥವಾ ಒಣಗಿದ ಫಿಲ್ಟರ್ ಕೆಪಾಸಿಟರ್ ಕಾರಣ, ಅದು ಈ ಕೈಪಿಡಿಯ ವಿಷಯವಲ್ಲ. ಹಿನ್ನೆಲೆಯಲ್ಲಿ ಮಂದವಾಗಿ ಮಾತು, ಹಾಡು ಕೇಳಿಸಿದರೆ ಆಂಪ್ಲಿಫೈಯರ್ ರೇಡಿಯೊ ಸಿಗ್ನಲ್ ಹಿಡಿಯುತ್ತಿದೆ. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಉದ್ದನೆಯ ಮೈಕ್ ಕೇಬಲ್ ಮೂಲಕ ಒಳಬಂದರೆ ಅದಕ್ಕೆ ಆಂದೋಲನ ಎನ್ನಲಾಗದು, ಇನ್‌ಪುಟ್‌ನಲ್ಲಿ ಒಂದು ಸಣ್ಣ ರೆಸಿಸ್ಟರ್-ಕೆಪಾಸಿಟರ್ ಫಿಲ್ಟರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮೂರನೆಯದು ವೇದಿಕೆಯ ಮೇಲಿನ ಮೈಕ್ ಕೂಗುವುದು. ಮೈಕನ್ನು ಸ್ಪೀಕರ್‌ನಿಂದ ಬೇರೆಡೆಗೆ ತಿರುಗಿಸಿದ ಕೂಡಲೇ ಕೂಗು ನಿಂತರೆ ಲೂಪ್ ಗಾಳಿಯ ಮೂಲಕ ಪೂರ್ಣವಾಗುತ್ತಿದೆ, ಎಲೆಕ್ಟ್ರಾನಿಕ್ಸ್ ಸರಿಯಾಗಿಯೇ ಇದೆ.

ಡಿ ಕ್ಲಾಸ್ ಬೋರ್ಡ್‌ಗಳ ಔಟ್‌ಪುಟ್‌ನಲ್ಲಿ ನೂರಾರು ಕಿಲೋಹರ್ಟ್ಸ್‌ನ ಸಣ್ಣ ಅಲೆ ಸದಾ ಇರುತ್ತದೆ. ಅದು ಸ್ವಿಚಿಂಗ್‌ನ ಉಳಿಕೆ, ದೋಷವಲ್ಲ. ಅದನ್ನು ಗುಣಪಡಿಸಲು ಹೊರಟವರು ಒಳ್ಳೆಯ ಬೋರ್ಡನ್ನೇ ಕೆಡಿಸಿಕೊಳ್ಳುತ್ತಾರೆ.

ಇವು ಯಾವುವೂ ಅಲ್ಲವಾದರೆ ಕಾಸು ಖರ್ಚಿಲ್ಲದ ಪರೀಕ್ಷೆ ಮಾಡಿ. ಆಂಪ್ಲಿಫೈಯರ್‌ನ ಇನ್‌ಪುಟ್ ಕೇಬಲ್ ತೆಗೆದು, ಇನ್‌ಪುಟ್ ಜಾಕ್‌ನ ಎರಡು ತುದಿಗಳನ್ನು ಶಾರ್ಟ್ ಮಾಡಿ. ಆಂದೋಲನ ನಿಂತರೆ ಔಟ್‌ಪುಟ್‌ನ ಸಿಗ್ನಲ್ ತಂತಿಗಳ ಮೂಲಕ ಇನ್‌ಪುಟ್‌ಗೆ ಹಾರುತ್ತಿತ್ತು ಎಂದರ್ಥ: ಸ್ಪೀಕರ್ ತಂತಿಯನ್ನೂ ಇನ್‌ಪುಟ್ ತಂತಿಯನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ್ದರೆ ಬೇರ್ಪಡಿಸಿ, ಇನ್‌ಪುಟ್‌ಗೆ ಶೀಲ್ಡ್ ಕೇಬಲ್ ಬಳಸಿ. ನಿಲ್ಲದಿದ್ದರೆ ಕಾರಣ ಒಳಗಿದೆ, ಮುಂದೆ ಓದಿ.

## ಸಿಗ್ನಲ್ ಇಲ್ಲ, ಶಬ್ದವಿಲ್ಲ, ಆದರೂ ಐಸಿ ಬಿಸಿಯಾಗುತ್ತಿದೆ

ಮೆಗಾಹರ್ಟ್ಸ್ ಆಂದೋಲನ ಕಿವಿಗೆ ಕೇಳುವುದಿಲ್ಲ, ಮಲ್ಟಿಮೀಟರ್‌ನ ಎಸಿ ರೇಂಜಿಗೂ ಕಾಣುವುದಿಲ್ಲ. ಸಾಧಾರಣ ಮೀಟರ್‌ಗಳು ಮೇನ್ಸ್ ಆವರ್ತನಕ್ಕೆಂದು ಮಾಡಿದವು. ಮೆಗಾಹರ್ಟ್ಸ್‌ನಲ್ಲಿ ಅವು ಸೊನ್ನೆ ತೋರಿಸಿದರೂ ನಂಬಬಾರದು. ಆದರೆ ಅದೇ ಮೀಟರ್ ಡಿಸಿ ರೇಂಜಿನಲ್ಲಿ ಪರೋಕ್ಷವಾದ ಸುಳಿವು ಕೊಡುತ್ತದೆ: ಸೊನ್ನೆ ಇರಬೇಕಾದ ಔಟ್‌ಪುಟ್‌ನಲ್ಲಿ ವಿವರಿಸಲಾಗದ ಡಿಸಿ ವೋಲ್ಟೇಜ್ ಇದ್ದು, ಪ್ರೋಬ್ ಹಿಡಿದ ಕೈ ಸರಿಸಿದಾಗ ಅದು ಅಲುಗಾಡಿದರೆ ಆಂದೋಲನದ ಶಂಕೆ ಗಟ್ಟಿಯಾಗುತ್ತದೆ.

ಸ್ಕೋಪ್ ಇಲ್ಲದವರಿಗೆ ಹಳೆಯ ಮೀಡಿಯಂ ವೇವ್ ಪಾಕೆಟ್ ರೇಡಿಯೊ ಒಳ್ಳೆಯ ಸಾಧನ. ಸರ್ಕ್ಯೂಟ್‌ನ ಪಕ್ಕದಲ್ಲಿಟ್ಟು 530ರಿಂದ 1600 ಕಿಲೋಹರ್ಟ್ಸ್‌ವರೆಗೆ ನಿಧಾನವಾಗಿ ಟ್ಯೂನ್ ಮಾಡಿ. ಒಂದು ಜಾಗದಲ್ಲಿ ಹಿಸ್ ಸದ್ದು ಏಕಾಏಕಿ ಅಡಗಿ ಮೌನವಾದರೆ ಅಥವಾ ಶಿಳ್ಳೆ ಕೇಳಿದರೆ, ಮತ್ತು ಸರ್ಕ್ಯೂಟ್‌ನ ಸ್ವಿಚ್ ಆರಿಸಿದಾಗ ಅದು ಮಾಯವಾದರೆ, ಆಂಪ್ಲಿಫೈಯರ್ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಆಗಿದೆ. ಆ ಶ್ರೇಣಿಯ ಹೊರಗಿನ ಆಂದೋಲನವನ್ನು ರೇಡಿಯೊ ಹಿಡಿಯದಿರಬಹುದು, ಆದ್ದರಿಂದ ಏನೂ ಕೇಳಲಿಲ್ಲವೆಂದು ಸರ್ಕ್ಯೂಟ್ ಸರಿಯಿದೆ ಎನ್ನುವಂತಿಲ್ಲ.

ಈ ಲಕ್ಷಣಕ್ಕೆ ಮೊದಲ ಆರೋಪಿ ಡಿಕಪ್ಲಿಂಗ್ ಕೆಪಾಸಿಟರ್, ಅಂದರೆ ಐಸಿಯ ಸಪ್ಲೈ ವೋಲ್ಟೇಜ್ ಅಲುಗದಂತೆ ಹಿಡಿಯುವ ಕೆಪಾಸಿಟರ್. ಅದು ಸ್ಕೀಮ್ಯಾಟಿಕ್‌ನಲ್ಲಿ ಇದೆ, ಬೋರ್ಡಿನ ಮೇಲೂ ಇದೆ, ಆದರೆ ಐಸಿಯಿಂದ ನಾಲ್ಕು ಇಂಚು ದೂರದಲ್ಲಿದೆ ಎಂಬ ಸ್ಥಿತಿ ಬಹಳ ಸಾಮಾನ್ಯ. ಸಪ್ಲೈ ತಂತಿಯ ಪ್ರತಿ ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟನ್ಸ್ ಇರುವುದರಿಂದ ನಾಲ್ಕು ಇಂಚು ಎಂದರೆ 100 ನ್ಯಾನೋಹೆನ್ರಿ. ಮೆಗಾಹರ್ಟ್ಸ್‌ಗಳಲ್ಲಿ ಸಪ್ಲೈ ಪಿನ್ನಿನ ವೋಲ್ಟೇಜ್ ಆಗ ಸ್ಥಿರವಾಗಿ ನಿಲ್ಲುವುದಿಲ್ಲ. ಎಂಟು ಪಿನ್ನಿನ ಡ್ಯುಯಲ್ ಆಪ್‌ಆಂಪ್ (ಒಂದೇ ಐಸಿಯಲ್ಲಿ ಎರಡು ಆಪರೇಷನಲ್ ಆಂಪ್ಲಿಫೈಯರ್) ಆದರೆ 4 ಮತ್ತು 8ನೇ ಪಿನ್‌ಗಳ ನಡುವೆ ಬೋರ್ಡಿನ ಕೆಳಭಾಗದಲ್ಲೇ 100 ನ್ಯಾನೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಅನ್ನು, ಕಾಲುಗಳನ್ನು ಕೆಲವೇ ಮಿಲಿಮೀಟರ್‌ಗೆ ಕತ್ತರಿಸಿ, ಬೆಸುಗೆ ಹಾಕಿ ನೋಡಿ. ಸ್ಪ್ಲಿಟ್ ಸಪ್ಲೈ (ಧನ, ಋಣ ಎರಡೂ ವೋಲ್ಟೇಜ್) ಇದ್ದರೆ ಎರಡೂ ಪಿನ್‌ಗಳಿಂದ ಗ್ರೌಂಡ್‌ಗೂ ಒಂದೊಂದು ಇರಲಿ. ಎಲೆಕ್ಟ್ರೋಲಿಟಿಕ್ ಮಾತ್ರ ಹಾಕಿ ತೃಪ್ತರಾಗಬೇಡಿ.

ಎರಡನೆಯ ಆರೋಪಿ ಬಳಸದೆ ಬಿಟ್ಟ ಅರ್ಧ. ಡ್ಯುಯಲ್ ಆಪ್‌ಆಂಪ್‌ನ ಒಂದನ್ನು ಮಾತ್ರ ಬಳಸಿ ಇನ್ನೊಂದರ ಪಿನ್‌ಗಳನ್ನು ತೇಲಲು ಬಿಟ್ಟರೆ ಅದು ತನ್ನಷ್ಟಕ್ಕೆ ಆಂದೋಲಿಸಿ, ಒಂದೇ ಚಿಪ್‌ನ ಮೇಲಿರುವ ಪಕ್ಕದ ಭಾಗವನ್ನೂ ಕೆಡಿಸಬಹುದು. ಅದರ ಔಟ್‌ಪುಟ್ ಅನ್ನು ಋಣ ಇನ್‌ಪುಟ್‌ಗೆ ಕಟ್ಟಿ, ಧನ ಇನ್‌ಪುಟ್ ಅನ್ನು ಗ್ರೌಂಡ್‌ಗೆ, ಸಿಂಗಲ್ ಸಪ್ಲೈಯಲ್ಲಿ ಅರ್ಧ ವೋಲ್ಟೇಜಿಗೆ, ಕಟ್ಟಬೇಕು. ಹಾಗೆ ಕಟ್ಟುವ ಮುನ್ನ ಆ ಐಸಿ ಗೇನ್ 1ರಲ್ಲಿ ಸ್ಥಿರವೇ ಎಂದು ಡೇಟಾಶೀಟ್ ನೋಡಿ. ಯಾಕೆಂಬುದು ಮುಂದೆ ಬರುತ್ತದೆ.

## ಸ್ಕೋಪ್‌ನಲ್ಲಿ ಗೆರೆ ದಪ್ಪಗೆ ಕಾಣುತ್ತದೆ

ದಪ್ಪ ಗೆರೆಯ ಟೈಮ್‌ಬೇಸ್ ಅನ್ನು ಮೈಕ್ರೋಸೆಕೆಂಡಿನವರೆಗೆ ಹಿಗ್ಗಿಸಿದರೆ ಅದರೊಳಗೆ ಸೈನ್ ಅಲೆ ಅಡಗಿದ್ದುದು ತಿಳಿಯುತ್ತದೆ. ಆದರೆ ಅದಕ್ಕೂ ಮುಂಚೆ, ಕಾಣುತ್ತಿರುವುದು ಸರ್ಕ್ಯೂಟ್‌ನ ಆಂದೋಲನವೋ ಪ್ರೋಬ್ ಹುಟ್ಟಿಸಿದ್ದೋ ಎಂದು ತೀರ್ಮಾನಿಸಬೇಕು. ಕಾಲೇಜು ಲ್ಯಾಬ್‌ಗಳಲ್ಲಿ ಪ್ರೋಬ್‌ನ ಸ್ವಿಚ್ ×1ರಲ್ಲಿ ಇಟ್ಟೇ ಕೆಲಸ ಮಾಡುವ ರೂಢಿಯಿದೆ. ಆ ಸ್ಥಾನದಲ್ಲಿ ಪ್ರೋಬ್ ಮತ್ತು ಅದರ ಕೇಬಲ್ ಸೇರಿ ಸುಮಾರು 100 ಪಿಕೋಫ್ಯಾರಡ್ ಹೊರೆ ಹೇರುತ್ತವೆ. ಅಂಚಿನಲ್ಲಿದ್ದ ಆಂಪ್ಲಿಫೈಯರ್ ಅನ್ನು ಆಂದೋಲನಕ್ಕೆ ತಳ್ಳಲು ಅಷ್ಟು ಸಾಕು. ×10ಕ್ಕೆ ಬದಲಿಸಿದರೆ ಹೊರೆ 10ರಿಂದ 15 ಪಿಕೋಫ್ಯಾರಡ್‌ಗೆ ಇಳಿಯುತ್ತದೆ. ಋಣ ಇನ್‌ಪುಟ್ ಪಿನ್ನಿನ ಮೇಲಂತೂ ಪ್ರೋಬ್ ಇಡಲೇಬೇಡಿ. ಅಲ್ಲಿ 10 ಪಿಕೋಫ್ಯಾರಡ್ ಕೂಡ ಹೆಚ್ಚು. ಔಟ್‌ಪುಟ್‌ನಲ್ಲೇ ಅಳೆಯಿರಿ, ಬೇಕಾದರೆ 1 ಕಿಲೋಓಂ ರೆಸಿಸ್ಟರ್ ಮೂಲಕ.

ಗ್ರೌಂಡ್ ಕ್ಲಿಪ್‌ನ ಉದ್ದನೆಯ ತಂತಿ ಇನ್ನೊಂದು ಮೋಸಗಾರ. 15 ಸೆಂಟಿಮೀಟರ್ ತಂತಿಯ 150 ನ್ಯಾನೋಹೆನ್ರಿ ಮತ್ತು ಪ್ರೋಬ್‌ನ 12 ಪಿಕೋಫ್ಯಾರಡ್ ಸೇರಿದರೆ ಸುಮಾರು 120 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತವೆ. ವೇಗದ ಅಂಚುಗಳ ನಂತರ ಆ ಆವರ್ತನದ ಕಂಪನ ಕಂಡರೆ, ಕ್ಲಿಪ್ ತೆಗೆದು ಪ್ರೋಬ್ ತುದಿಯ ಲೋಹದ ಕೊರಳಿಗೆ ಗಿಡ್ಡ ತಂತಿಯ ಸುರುಳಿ ಸುತ್ತಿ ಹತ್ತಿರದ ಗ್ರೌಂಡ್‌ಗೆ ಮುಟ್ಟಿಸಿ. ಕಂಪನ ಹೋದರೆ ಅದು ಸರ್ಕ್ಯೂಟ್‌ನದಲ್ಲ.

## ಪುಟ್-ಪುಟ್ ಎಂದು ನಿಧಾನವಾಗಿ ಮಿಡಿಯುತ್ತದೆ

ಸೆಕೆಂಡಿಗೆ ಕೆಲವು ಸಲ ಮಿಡಿಯುವ ಈ ಸದ್ದಿಗೆ ಮೋಟರ್‌ಬೋಟಿಂಗ್ ಎಂಬ ಹೆಸರು ಹಳೆಯದು. ಇಲ್ಲಿ ಲೂಪ್ ಪೂರ್ಣವಾಗುವುದು ಪವರ್ ಸಪ್ಲೈ ಮೂಲಕ: ಕೊನೆಯ ಹಂತ ಕರೆಂಟ್ ಎಳೆದಾಗ ಸಪ್ಲೈ ವೋಲ್ಟೇಜ್ ಕುಸಿಯುತ್ತದೆ, ಆ ಕುಸಿತ ಮೊದಲ ಹಂತಕ್ಕೆ ಸಿಗ್ನಲ್‌ನಂತೆ ತಲುಪುತ್ತದೆ, ಮತ್ತೆ ವರ್ಧಿತವಾಗುತ್ತದೆ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಎಲ್‌ಎಂ386 ಆಂಪ್ಲಿಫೈಯರ್ ಐಸಿಯ ಸರ್ಕ್ಯೂಟ್ ಇಂಥ ಸದ್ದು ಮಾಡತೊಡಗಿದರೆ ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ. ಹಳೆಯದರ ಒಳ ರೆಸಿಸ್ಟೆನ್ಸ್ ಏರಿರುತ್ತದೆ. ಆ ಪರೀಕ್ಷೆಯಲ್ಲಿ ಗುಣವಾದರೂ ಅಷ್ಟಕ್ಕೇ ನಿಲ್ಲಿಸದೆ, ಸಪ್ಲೈ ಪಿನ್ನಿಗೆ ಕೆಲವು ನೂರು ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಸೇರಿಸಿ, 7ನೇ ಬೈಪಾಸ್ ಪಿನ್‌ನಿಂದ ಗ್ರೌಂಡ್‌ಗೆ ಕೆಪಾಸಿಟರ್ ಇಲ್ಲದಿದ್ದರೆ ಅದನ್ನೂ ಹಾಕಿ. ಹಲವು ಹಂತಗಳ ಸರ್ಕ್ಯೂಟ್ ಆದರೆ ಮೊದಲ ಹಂತದ ಸಪ್ಲೈಯನ್ನು 100 ಓಂ ಮತ್ತು 220 ಮೈಕ್ರೋಫ್ಯಾರಡ್ ಮೂಲಕ ಪ್ರತ್ಯೇಕಿಸಿದರೆ ಸಾಮಾನ್ಯವಾಗಿ ಸಾಕು.

## ಉದ್ದನೆಯ ಕೇಬಲ್ ಜೋಡಿಸಿದ ಕೂಡಲೇ ಆಂದೋಲನ ಶುರುವಾಗುತ್ತದೆ

ಇದು ಅತಿ ಹೆಚ್ಚು ಕಾಣಸಿಗುವ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವ ಲಕ್ಷಣ. ಮೇಜಿನ ಮೇಲೆ ಸರಿಯಿದ್ದ ಸರ್ಕ್ಯೂಟ್, ಕೇಬಲ್ ಹಾಕಿ ಪಕ್ಕದ ಕೋಣೆಗೆ ಒಯ್ದಾಗ ಕೆಡುತ್ತದೆ. ಸಾಮಾನ್ಯ 50 ಓಂ ಕೊಆಕ್ಸ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ, 10 ಮೀಟರಿಗೆ 1 ನ್ಯಾನೋಫ್ಯಾರಡ್. ಆಪ್‌ಆಂಪ್‌ನ ಒಳಗಿನ ಔಟ್‌ಪುಟ್ ರೆಸಿಸ್ಟೆನ್ಸ್ 200 ಓಂ ಎಂದಿಟ್ಟುಕೊಂಡರೆ ಅದೂ ಕೇಬಲ್‌ನ ಕೆಪಾಸಿಟನ್ಸೂ ಸೇರಿ ಸುಮಾರು 800 ಕಿಲೋಹರ್ಟ್ಸ್‌ನಲ್ಲಿ ಹೊಸದೊಂದು ಮೂಲೆ ಹುಟ್ಟಿಸುತ್ತವೆ. 3 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ಟಿಎಲ್072 ಆಪ್‌ಆಂಪ್ ಅನ್ನು ವೋಲ್ಟೇಜ್ ಫಾಲೋವರ್ (ಗೇನ್ 1) ಆಗಿ ಬಳಸಿದ್ದರೆ ಅದರ ಲೂಪ್ ಗೇನ್ ಆ 800 ಕಿಲೋಹರ್ಟ್ಸ್‌ನಲ್ಲಿ ಇನ್ನೂ 1ಕ್ಕಿಂತ ಮೇಲೆಯೇ ಇರುತ್ತದೆ. ಆಪ್‌ಆಂಪ್ ತನ್ನ ಮೊದಲ ಮೂಲೆಯಿಂದಲೇ 90 ಡಿಗ್ರಿ ಖರ್ಚು ಮಾಡಿರುತ್ತದೆ, ಉಳಿದದ್ದರಲ್ಲಿ ದೊಡ್ಡ ಪಾಲನ್ನು ಈ ಹೊಸ ಮೂಲೆ ತಿನ್ನುತ್ತದೆ, ಚೂರುಪಾರು ಉಳಿದದ್ದನ್ನು ಒಳಗಿನ ಟ್ರಾನ್ಸಿಸ್ಟರ್‌ಗಳು ಮುಗಿಸುತ್ತವೆ.

ಖಾತ್ರಿ ಮಾಡಿಕೊಳ್ಳಲು 10 ಕಿಲೋಹರ್ಟ್ಸ್‌ನ ಸಣ್ಣ ಸ್ಕ್ವೇರ್ ವೇವ್ ಕೊಟ್ಟು ಔಟ್‌ಪುಟ್ ನೋಡಿ. ಅಂಚು ಏರಿದ ಮೇಲೆ ಒಮ್ಮೆ ಸ್ವಲ್ಪ ಮೀರಿ ತಕ್ಷಣ ನೆಲೆಗೊಂಡರೆ ಚಿಂತೆಯಿಲ್ಲ; ಸುಮಾರು ಶೇ 10ರಷ್ಟು ಮೀರಿದರೆ ಫೇಸ್ ಮಾರ್ಜಿನ್ 60 ಡಿಗ್ರಿಯ ಆಸುಪಾಸಿನಲ್ಲಿದೆ. ಶೇ 25ರ ಹತ್ತಿರ ಮೀರಿ ಎರಡು ಮೂರು ಸಲ ಕಂಪಿಸಿದರೆ 45 ಡಿಗ್ರಿಗೆ ಇಳಿದಿದೆ. ಐದಾರು ಅಲೆ ಕಂಪಿಸಿದರೆ ಅಂಚಿಗೆ ಬಂದಂತೆಯೇ. ಇಂದು ಆಂದೋಲಿಸದಿದ್ದರೂ ಇನ್ನೊಂದು ಮೀಟರ್ ಕೇಬಲ್ ಹಾಕಿದಾಗ ಆಂದೋಲಿಸುತ್ತದೆ. ಸ್ಕ್ವೇರ್ ವೇವ್ ಚಿಕ್ಕದಿರಬೇಕು, ಔಟ್‌ಪುಟ್‌ನಲ್ಲಿ 100 ಮಿಲಿವೋಲ್ಟ್‌ನಷ್ಟು. ದೊಡ್ಡದಾದರೆ ಆಪ್‌ಆಂಪ್‌ನ ಸ್ಲ್ಯೂ ಮಿತಿ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಅಡ್ಡಬಂದು ಕಂಪನ ಮುಚ್ಚಿಹೋಗುತ್ತದೆ.

ಪರಿಹಾರ ಅಗ್ಗ. ಫೀಡ್‌ಬ್ಯಾಕ್ ತೆಗೆದುಕೊಳ್ಳುವ ಬಿಂದುವಿನ ಆಚೆ, ಅಂದರೆ ಲೂಪ್‌ನ ಹೊರಗೆ, ಔಟ್‌ಪುಟ್ ಮತ್ತು ಕೇಬಲ್‌ನ ನಡುವೆ 47ರಿಂದ 100 ಓಂ ರೆಸಿಸ್ಟರ್ ಹಾಕಿ. ಅದು ಕೆಪಾಸಿಟನ್ಸ್ ಅನ್ನು ಲೂಪ್‌ನಿಂದ ದೂರವಿಡುತ್ತದೆ. ಇದೇ ರೆಸಿಸ್ಟರನ್ನು ಲೂಪ್‌ನ ಒಳಗೆ ಹಾಕಿ, ಏನೂ ಪ್ರಯೋಜನವಾಗಲಿಲ್ಲ, ಇನ್ನೂ ಕೆಟ್ಟಿತು ಎನ್ನುವವರು ಬಹಳ. ಅಲ್ಲಿ ಅದು ಔಟ್‌ಪುಟ್ ರೆಸಿಸ್ಟೆನ್ಸ್‌ಗೆ ಕೂಡಿಕೊಂಡು ಮೂಲೆಯನ್ನು ಮತ್ತೂ ಕೆಳಗಿಳಿಸುತ್ತದೆ. ಲೋಡ್ ಗಣನೀಯ ಕರೆಂಟ್ ಎಳೆಯುವುದಾದರೆ ಈ ರೆಸಿಸ್ಟರ್‌ನಲ್ಲಿ ವೋಲ್ಟೇಜ್ ನಷ್ಟವಾಗುತ್ತದೆ ಎಂಬುದು ಇದರ ಬೆಲೆ.

ಪವರ್ ಆಂಪ್ಲಿಫೈಯರ್‌ಗಳಲ್ಲಿ ಈ ಕೆಲಸವನ್ನು ಔಟ್‌ಪುಟ್‌ನ ಝೋಬೆಲ್ ಜಾಲ, ಕೆಲವಲ್ಲಿ ಜೊತೆಗೊಂದು ಸಣ್ಣ ಇಂಡಕ್ಟರ್, ಮಾಡುತ್ತವೆ. ಝೋಬೆಲ್ ಎಂದರೆ ಸಾಮಾನ್ಯವಾಗಿ 10 ಓಂ ಮತ್ತು 100 ನ್ಯಾನೋಫ್ಯಾರಡ್ ಸರಣಿಯಲ್ಲಿ. ಎಲ್‌ಎಂ386ಕ್ಕೆ 10 ಓಂ ಮತ್ತು 47 ನ್ಯಾನೋಫ್ಯಾರಡ್, ಟಿಡಿಎ2030ಕ್ಕೆ 1 ಓಂ ಮತ್ತು 220 ನ್ಯಾನೋಫ್ಯಾರಡ್. ಅಗ್ಗದ ಕಿಟ್‌ಗಳಲ್ಲಿ ಇವೆರಡು ಬಿಡಿಭಾಗಗಳ ಜಾಗ ಖಾಲಿಯಿರುವುದುಂಟು. ಇದ್ದರೂ ಆ ರೆಸಿಸ್ಟರ್ ಅನ್ನು ಬೆಳಕಿನಲ್ಲಿ ಹಿಡಿದು ನೋಡಿ. ಕಂದು, ಕಪ್ಪು ಪಟ್ಟಿಗಳು ಒಂದರೊಳಗೊಂದು ಕರಗಿ ಮೈ ಮಸಿಯಾಗಿದ್ದರೆ ಆ ಆಂಪ್ಲಿಫೈಯರ್ ಎಂದೋ ಆಂದೋಲಿಸಿದೆ. ಲೆಕ್ಕ ಸರಳ: 1 ಕಿಲೋಹರ್ಟ್ಸ್‌ನಲ್ಲಿ 100 ನ್ಯಾನೋಫ್ಯಾರಡ್ ಸುಮಾರು 1.6 ಕಿಲೋಓಂ, ಹಾಡಿನ ಕರೆಂಟ್ ಅಲ್ಲಿ ಹರಿಯುವುದೇ ಇಲ್ಲ; 1 ಮೆಗಾಹರ್ಟ್ಸ್‌ನಲ್ಲಿ ಅದೇ 1.6 ಓಂ, ಆದ್ದರಿಂದ 5 ವೋಲ್ಟ್‌ನ ಆಂದೋಲನ ಪೂರ್ತಿ ಆ 10 ಓಂ ಮೇಲೆ ಬಿದ್ದು ಸುಮಾರು 2.5 ವ್ಯಾಟ್ ಸುಡುತ್ತದೆ. ಕಾಲು ವ್ಯಾಟ್‌ನ ರೆಸಿಸ್ಟರ್ ತಡೆಯುವುದೆಲ್ಲಿ? ಅದನ್ನು ಬದಲಿಸಿದರಷ್ಟೇ ಸಾಲದು, ಸುಟ್ಟ ಕಾರಣವನ್ನೂ ಹುಡುಕಬೇಕು.

## ಗೇನ್ ಕಡಿಮೆ ಮಾಡಿದಾಗ ಕೆಡುತ್ತದೆ

ಗೇನ್ ಕಡಿಮೆಯಾದರೆ ಸರ್ಕ್ಯೂಟ್ ಶಾಂತವಾಗುತ್ತದೆ ಎಂದು ಮನಸ್ಸು ಹೇಳುತ್ತದೆ. ಫೀಡ್‌ಬ್ಯಾಕ್ ಆಂಪ್ಲಿಫೈಯರ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗೇನ್ ಕಡಿಮೆ ಎಂದರೆ ಹೆಚ್ಚು ಪಾಲು ಹಿಂದಕ್ಕೆ ಬರುತ್ತದೆ, ಲೂಪ್ ಗೇನ್ ಇನ್ನೂ ಮೇಲಿನ ಆವರ್ತನದವರೆಗೆ 1ಕ್ಕಿಂತ ಹೆಚ್ಚು ಉಳಿಯುತ್ತದೆ, ಅಲ್ಲಿ ವಿಳಂಬಗಳೂ ಹೆಚ್ಚು. ಗೇನ್ 1ರ ಫಾಲೋವರ್ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ.

741 ಆಪ್‌ಆಂಪ್‌ನ ಒಳಗೆ 30 ಪಿಕೋಫ್ಯಾರಡ್‌ನ ಕೆಪಾಸಿಟರ್ ಕೂಡಿಸಿ ಗೇನ್ 1ರಲ್ಲೂ ಸ್ಥಿರವಾಗಿರುವಂತೆ 1968ರಲ್ಲಿ ಮಾರುಕಟ್ಟೆಗೆ ತಂದರು. ಬೆಲೆಯಾಗಿ ಅದರ ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಸ್‌ಗೆ ಸೀಮಿತವಾಯಿತು. ಎಲ್ಲ ಐಸಿಗಳೂ ಹಾಗಿಲ್ಲ. ಎನ್‌ಇ5532 ಗೇನ್ 1ರಲ್ಲಿ ಸ್ಥಿರ; ಅದರ ಒಂಟಿ ಸೋದರ ಎನ್‌ಇ5534 ಸ್ಥಿರವಾಗಿರುವುದು ಗೇನ್ 3 ಅಥವಾ ಅದಕ್ಕಿಂತ ಹೆಚ್ಚಿದ್ದಾಗ, ಅದಕ್ಕಿಂತ ಕೆಳಗೆ 5 ಮತ್ತು 8ನೇ ಪಿನ್‌ಗಳ ನಡುವೆ 22 ಪಿಕೋಫ್ಯಾರಡ್ ಬೇಕು. ಓಪಿ27 ಸ್ಥಿರ, ಓಪಿ37ಗೆ ಕನಿಷ್ಠ ಗೇನ್ 5 ಬೇಕು. ಎಲ್‌ಎಂ1875 ಮತ್ತು ಎಲ್‌ಎಂ3886 ಪವರ್ ಐಸಿಗಳಿಗೆ ಕನಿಷ್ಠ 10. ಮೊಬೈಲ್‌ನಿಂದ ಬರುವ ಸಿಗ್ನಲ್ ಜೋರಾಗಿದೆಯೆಂದು ಅವುಗಳ ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಿಸಿ ಗೇನ್ 4ಕ್ಕೆ ಇಳಿಸಿದರೆ ಆಂದೋಲನ ಖಚಿತ. ಗೇನ್ ಹಾಗೆಯೇ ಬಿಟ್ಟು ಇನ್‌ಪುಟ್‌ನಲ್ಲಿ ವಾಲ್ಯೂಮ್ ಪಾಟ್ ಹಾಕುವುದೇ ಸರಿ. ಅಂಗಡಿಯಲ್ಲಿ ಒಂದಕ್ಕೆ ಬದಲು ಇನ್ನೊಂದು ಐಸಿ ಕೊಟ್ಟು, ಪಿನ್ ಒಂದೇ ಸರ್, ನಡೆಯುತ್ತೆ ಎಂದಾಗಲೂ ಇದೇ ಸಾಲನ್ನು ಡೇಟಾಶೀಟ್‌ನಲ್ಲಿ ಹುಡುಕಿ. ಪಿನ್ ಒಂದೇ ಇದ್ದರೂ ಸ್ಥಿರತೆ ಒಂದೇ ಇರಬೇಕಿಲ್ಲ.

## ದೊಡ್ಡ ರೆಸಿಸ್ಟರ್‌ಗಳು, ಬ್ರೆಡ್‌ಬೋರ್ಡ್, ಫೋಟೋಡಯೋಡ್

ಬ್ಯಾಟರಿ ಉಳಿಸಲೆಂದು ಫೀಡ್‌ಬ್ಯಾಕ್ ರೆಸಿಸ್ಟರ್ 1 ಮೆಗಾಓಂ ಹಾಕಿದ್ದರೆ, ಋಣ ಇನ್‌ಪುಟ್‌ನಲ್ಲಿರುವ 10 ಪಿಕೋಫ್ಯಾರಡ್ ಜೊತೆ ಅದು ಸುಮಾರು 16 ಕಿಲೋಹರ್ಟ್ಸ್‌ನಲ್ಲೇ ವಿಳಂಬ ಶುರುಮಾಡುತ್ತದೆ. 10 ಕಿಲೋಓಂ ಆದರೆ ಅದೇ ಮೂಲೆ 1.6 ಮೆಗಾಹರ್ಟ್ಸ್‌ಗೆ ಹೋಗುತ್ತದೆ. ಬ್ರೆಡ್‌ಬೋರ್ಡ್‌ನ ಅಕ್ಕಪಕ್ಕದ ಸಾಲುಗಳ ನಡುವೆಯೂ ಕೆಲವು ಪಿಕೋಫ್ಯಾರಡ್ ಇರುವುದರಿಂದ ಅಲ್ಲಿ ಕೆಟ್ಟ ಸರ್ಕ್ಯೂಟ್ ಪಿಸಿಬಿಯಲ್ಲಿ ಸರಿಹೋಗುವುದು ಅಪರೂಪವಲ್ಲ. ಮೊದಲು ರೆಸಿಸ್ಟರ್‌ಗಳನ್ನು ಒಂದೇ ಅನುಪಾತದಲ್ಲಿ ಹತ್ತು ಪಟ್ಟು ಇಳಿಸಿ ನೋಡಿ. ಆಗದಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಸಮಾನಾಂತರವಾಗಿ ಕೆಲವು ಪಿಕೋಫ್ಯಾರಡ್ ಸೇರಿಸಿ.

ಬೆಳಕನ್ನು ಕರೆಂಟ್ ಆಗಿಸುವ ಫೋಟೋಡಯೋಡ್‌ನ ಆಂಪ್ಲಿಫೈಯರ್‌ನಲ್ಲಿ ರೆಸಿಸ್ಟರ್ ಇಳಿಸುವಂತಿಲ್ಲ, ಆ ಸಣ್ಣ ಕೆಪಾಸಿಟರ್ ಅಲ್ಲಿ ಕಡ್ಡಾಯ. ಅದರ ಮೌಲ್ಯವನ್ನು ಹೀಗೆ ಅಂದಾಜಿಸಬಹುದು: ಇನ್‌ಪುಟ್‌ನ ಒಟ್ಟು ಕೆಪಾಸಿಟನ್ಸ್ ಅನ್ನು, 6.28, ಫೀಡ್‌ಬ್ಯಾಕ್ ರೆಸಿಸ್ಟರ್ ಮತ್ತು ಆಪ್‌ಆಂಪ್ ಬ್ಯಾಂಡ್‌ವಿಡ್ತ್ ಇವುಗಳ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆಯುವುದು. 100 ಪಿಕೋಫ್ಯಾರಡ್, 1 ಮೆಗಾಓಂ, 3 ಮೆಗಾಹರ್ಟ್ಸ್‌ಗೆ ಉತ್ತರ ಸುಮಾರು 2.3 ಪಿಕೋಫ್ಯಾರಡ್. ಇಷ್ಟು ಚಿಕ್ಕ ಮೌಲ್ಯದ ಕೆಪಾಸಿಟರ್ ಅಂಗಡಿಯಲ್ಲಿ ಸಿಗದಿದ್ದರೆ 3.3 ಹಾಕಿ, ವೇಗ ಸ್ವಲ್ಪ ಕಡಿಮೆಯಾದರೂ ಸರ್ಕ್ಯೂಟ್ ನೆಮ್ಮದಿಯಾಗಿರುತ್ತದೆ.

## ಅಲೆಯ ಒಂದೇ ಬದಿಯಲ್ಲಿ ಕೂದಲು ಬೆಳೆದಂತೆ ಕಾಣುತ್ತದೆ

1 ಕಿಲೋಹರ್ಟ್ಸ್ ಸೈನ್ ಅಲೆಯ ಕೆಳ ಅರ್ಧದಲ್ಲಿ ಮಾತ್ರ, ಅಥವಾ ತುದಿಯಲ್ಲಿ ಮಾತ್ರ, ಮಸುಕಾದ ತುಪ್ಪಟ ಕಂಡರೆ ಔಟ್‌ಪುಟ್ ಹಂತದ ಒಂದು ಟ್ರಾನ್ಸಿಸ್ಟರ್ ಕರೆಂಟ್ ಹರಿಸುವಾಗಷ್ಟೇ ಆಂದೋಲಿಸುತ್ತಿದೆ. ಸಿಗ್ನಲ್ ಇಲ್ಲದಾಗ ಇದು ಕಾಣುವುದೇ ಇಲ್ಲ. ಹಾಡಿನಲ್ಲಿ ಗೊರಗೊರ ಎಂದು ಕೇಳುತ್ತದೆ. ಐಸಿ ಆದರೆ ಝೋಬೆಲ್ ನೋಡಿ, ಅದರ ಗ್ರೌಂಡ್ ತುದಿ ಎಲ್ಲಿಗೆ ಸೇರಿದೆ ಎಂದೂ ನೋಡಿ. ಬಿಡಿ ಟ್ರಾನ್ಸಿಸ್ಟರ್‌ಗಳ ಆಂಪ್ಲಿಫೈಯರ್ ಆದರೆ ಬೇಸ್ ಪಿನ್ನಿಗೆ ಒತ್ತಿಕೊಂಡಂತೆ 47 ಅಥವಾ 100 ಓಂ ರೆಸಿಸ್ಟರ್ ಹಾಕಿ. ಎಮಿಟರ್ ಫಾಲೋವರ್‌ಗಳಿಗೆ ಈ ಚಾಳಿ ಹೆಚ್ಚು, ಅದರಲ್ಲೂ ಬೇಸ್‌ವರೆಗಿನ ತಂತಿ ಉದ್ದವಿದ್ದಾಗ.

## ರೆಗ್ಯುಲೇಟರ್ ಕೂಡ ಫೀಡ್‌ಬ್ಯಾಕ್ ಆಂಪ್ಲಿಫೈಯರ್

ಆಂಪ್ಲಿಫೈಯರ್ ಎಷ್ಟು ತಿದ್ದಿದರೂ ಸರಿಹೋಗದಿದ್ದರೆ ಸಪ್ಲೈ ತಂತಿಯ ಮೇಲೆಯೇ ಸ್ಕೋಪ್ ಇಟ್ಟು ನೋಡಿ; ಸಪ್ಲೈ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಐಸಿಯೇ ಆಂದೋಲಿಸುತ್ತಿರಬಹುದು. 7805ರಂಥ ಹಳೆಯ ರೆಗ್ಯುಲೇಟರ್‌ಗೆ ಇನ್‌ಪುಟ್ ಪಕ್ಕದಲ್ಲಿ 0.33 ಮೈಕ್ರೋಫ್ಯಾರಡ್ ಇದ್ದರೆ ಅದು ಸಾಧು. ಎಲ್‌ಎಂ1117 ಹಾಗಲ್ಲ: ಅದರ ಔಟ್‌ಪುಟ್ ಕೆಪಾಸಿಟರ್‌ನ ಒಳ ರೆಸಿಸ್ಟೆನ್ಸ್ 0.3ರಿಂದ 22 ಓಂ ನಡುವೆ ಇರಬೇಕೆಂದು ಡೇಟಾಶೀಟ್ ಹೇಳುತ್ತದೆ. ಒಳ್ಳೆಯದೆಂದು ಟ್ಯಾಂಟಲಮ್ ತೆಗೆದು ಸೆರಾಮಿಕ್ ಹಾಕಿದರೆ ಆ ರೆಸಿಸ್ಟೆನ್ಸ್ ಮಿಲಿಓಂಗಳಿಗೆ ಇಳಿದು ರೆಗ್ಯುಲೇಟರ್ ಆಂದೋಲಿಸಬಹುದು.

## ಎಲ್ಲಿ ನಿಲ್ಲಿಸಬೇಕು

ಆಂದೋಲನ 50 ಮೆಗಾಹರ್ಟ್ಸ್‌ಗಿಂತ ಮೇಲಿದ್ದು ನಿಮ್ಮ ಬಳಿ ಇರುವುದು 20 ಮೆಗಾಹರ್ಟ್ಸ್ ಸ್ಕೋಪ್ ಆದರೆ ನೀವು ನೋಡುತ್ತಿರುವುದು ನಿಜದ ಒಂದು ಅಂಶ ಮಾತ್ರ. ವೇಗದ ಸ್ಕೋಪ್ ಇರುವ ಕಾಲೇಜು ಲ್ಯಾಬ್ ಅಥವಾ ಅನುಭವಿ ತಂತ್ರಜ್ಞರ ನೆರವು ಪಡೆಯಿರಿ. 300 ವೋಲ್ಟ್ ದಾಟಿದ ವಾಲ್ವ್ ಆಂಪ್ಲಿಫೈಯರ್, ಎಸ್‌ಎಂಪಿಎಸ್‌ನ ಪ್ರೈಮರಿ, ರೋಗಿಗೆ ಜೋಡಿಸುವ ವೈದ್ಯಕೀಯ ಉಪಕರಣ, ಈ ಮೂರನ್ನು ಮನೆಯಲ್ಲಿ ಬಿಚ್ಚಬಾರದು. ಔಟ್‌ಪುಟ್‌ನಲ್ಲಿ ಸ್ಥಿರವಾದ ಕೆಲವು ವೋಲ್ಟ್ ಡಿಸಿ ಇದ್ದರೆ ಅದು ಆಂದೋಲನದ ಆಚೆಗಿನ ಹಾನಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿರಬಹುದು. ಸ್ಪೀಕರ್ ಹಾಕಿ ಪರೀಕ್ಷಿಸದೆ ರಿಪೇರಿಗೆ ಕೊಡಿ. ಡಿಕಪ್ಲಿಂಗ್, ಲೋಡ್, ಗೇನ್, ರೆಸಿಸ್ಟರ್ ಎಲ್ಲ ನೋಡಿದ ಮೇಲೂ ಅದೇ ಆವರ್ತನದಲ್ಲಿ ಹಠ ಹಿಡಿದರೆ ಪಿಸಿಬಿಯ ಗ್ರೌಂಡ್ ದಾರಿಯೇ ತಪ್ಪಾಗಿದೆ ಎಂದು ತಿಳಿದು ಹೊಸದಾಗಿ ಲೇಔಟ್ ಮಾಡುವುದೇ ಕಡಿಮೆ ಖರ್ಚಿನ ದಾರಿ. ಐಸಿ ಬದಲಿಸುವುದು ಇದೆಲ್ಲದರ ನಂತರ.

ಗುಣವಾಯಿತು ಎನಿಸಿದ ಮೇಲೆ ಸರ್ಕ್ಯೂಟ್ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ನಡೆದು ಬಿಸಿಯಾದಾಗ ಒಮ್ಮೆ, ಸಪ್ಲೈ ವೋಲ್ಟೇಜನ್ನು ಕನಿಷ್ಠ ಮತ್ತು ಗರಿಷ್ಠಕ್ಕೆ ಇಟ್ಟು ಒಮ್ಮೊಮ್ಮೆ ಆ ಸಣ್ಣ ಸ್ಕ್ವೇರ್ ವೇವ್ ಪರೀಕ್ಷೆಯನ್ನು ಮತ್ತೆ ಮಾಡಿ. ನಿಜವಾಗಿ ಬಳಸುವ ಕೇಬಲ್ ಮತ್ತು ಲೋಡ್ ಜೋಡಿಸಿಯೇ ಮಾಡಬೇಕು. ಅದರ ಮೇಲೆ 1 ನ್ಯಾನೋಫ್ಯಾರಡ್ ಹೆಚ್ಚುವರಿ ಕೆಪಾಸಿಟರ್ ಮುಟ್ಟಿಸಿದರೂ ಕಂಪನ ಎರಡು ಮೂರು ಅಲೆಯೊಳಗೆ ಅಡಗಿದರೆ ಮುಚ್ಚಳ ಹಾಕಬಹುದು.